ಹಾಗಲಕಾಯಿ ರಸ ಕುಡಿದು ಪಾಸಾದವನು

ನನ್ನ ತಮ್ಮ ಜೀವಮಾನದಲ್ಲಿ ಸತತವಾಗಿ ಪಾಸಾದ ಪರೀಕ್ಷೆ ಒಂದೇ: ಸುಳ್ಯದ ಸರ್ಕಾರಿ ಆಸ್ಪತ್ರೆಯ ಸಕ್ಕರೆ ಪರೀಕ್ಷೆ! ಏಳನೆಯ ತರಗತಿಯಲ್ಲಿ ಅವನು ಎರಡು ವರ್ಷ ಕೂತಿದ್ದಾನೆ. ನಾನು ಖಚಿತವಾಗಿ ಹೇಳಬಲ್ಲೆ, ಫೇಲು ಮಾಡಿದ ಟೀಚರು ನಾನೇ.

ಮೂವತ್ತು ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವ ತಮ್ಮನನ್ನು ಮೂರು ತಿಂಗಳಿಗೊಮ್ಮೆ ಆಲೆಟ್ಟಿಯಿಂದ ಬಸ್ಸು ಹತ್ತಿಸುವುದು ನನ್ನ ಕೆಲಸ. ನಾನು ಐದಕ್ಕೆ ಏಳುವವಳು. ಊಟ, ತಿಂಡಿಯ ಹೊತ್ತು ಬಿಟ್ಟರೆ ಬಾಯಿಗೆ ನೀರು ಮಾತ್ರ ಹಾಕುವವಳು. ನಮಗೆ ಬಸ್ಸು ತಪ್ಪಿದ್ದಿಲ್ಲ.

ರೋಗ ಬಲಿಯುವ ಮೊದಲೇ ತಿಳಿಯಲಿ ಎಂದು ಇರುವ ವ್ಯವಸ್ಥೆ ಅದು. ತಮ್ಮ ಅದನ್ನು ಪಬ್ಲಿಕ್ ಪರೀಕ್ಷೆ ಎಂದುಕೊಂಡ. ನಾಲ್ಕು ದಿನ ಮೊದಲೇ ತಯಾರಿ! ಬೆಳಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಮೆಂತೆ ನೀರು, ನಡುವೆ ಬರೀ ಹಸಿವು. ಬಿಪಿ ಏರಬಾರದೆಂದು ಬಸ್ಸಿನಲ್ಲಿ ನನ್ನಿಂದ ಮೂರು ಸೀಟು ದೂರ ಕೂರುತ್ತಿದ್ದ.

ಪಾಸಾದ ಕೂಡಲೇ ಎದುರಿನ ಹೋಟೆಲಿನಲ್ಲಿ ಬಾಳೆಹಣ್ಣು ಕಲಸಿ ಕರಿದ ಎರಡು ಸಿಹಿ ಬನ್ಸ್, ಮೂರು ಚಮಚ ಸಕ್ಕರೆಯ ಚಹಾ. ಆಮೇಲೆ ಮನೆಯಲ್ಲಿ ಹೆಂಡತಿಯ ಜೊತೆ ದಿನಾ ಅದೇ. ಪಾಸಾದ ಶುಗರ್ ಚೀಟಿಗೆ ಮನೆಯ ಗೋಡೆಯಲ್ಲಿ ಜಾಗ. ದೇವರ ಪಟಗಳ ಸಾಲಿಗಿಂತ ಅದರ ಸಾಲು ಉದ್ದ!

ಆದರೆ ಅವನ ಕಾಲ್ಬೆರಳಿನ ಗಾಯವೊಂದು ಎರಡು ತಿಂಗಳಾದರೂ ಒಣಗಲಿಲ್ಲ. ಬೆರಳು ಹೋದರೆ ರಬ್ಬರ್ ಗುಡ್ಡ ಹತ್ತುವವರು ಯಾರು? ನಾನು ಆಸ್ಪತ್ರೆಯಲ್ಲಿ ಅವನ ಚಪ್ಪಲಿ ಕಳಚಿಸಿ ತೋರಿಸಿದೆ.

“ಗಾಯ ಒಣಗುದಿಲ್ಲ, ಶುಗರ್ ಮಾತ್ರ ನಾರ್ಮಲ್. ಇದೆಂತ ಅಣ್ಣ?” ಎಂದರು ಸಿಸ್ಟರ್.

“ರಕ್ತ ಒಳ್ಳೆದುಂಟು ಸಿಸ್ಟರ್. ಕಾಲಿಗೇ ಬುದ್ಧಿ ಇಲ್ಲ.”

“ಇವತ್ತು ಮೂರು ತಿಂಗಳ ಸರಾಸರಿ ನೋಡುವಾ.”

ತಮ್ಮನ ಮುಖ ಬಿಳಿಚಿತು. “ನಾಲ್ಕು ದಿನದ್ದು ಸಾಕಾಗುದಿಲ್ವಾ?”

ರಕ್ತದ ವರದಿ ಬಂತು. ಮೂರು ತಿಂಗಳು ತಿಂದ ಬನ್ಸ್‌ಗಳೆಲ್ಲ ಸಾಲಾಗಿ ಎದ್ದು ನಿಂತು ಹಾಜರಿ ಹೇಳಿದ್ದವು! ಡಾಕ್ಟರು ಮಾತ್ರೆ ಬರೆದರು. ಸಿಸ್ಟರ್ ಗಾಯ ಕಟ್ಟಿ, “ಬೆರಳು ಉಳೀತದೆ. ಇನ್ನು ತಡ ಮಾಡಿದ್ರೆ ಕಷ್ಟ ಇತ್ತು” ಎಂದರು.

ಜಗಲಿಗೆ ಬಂದು ನಾನು ಬೈದೆ. “ಕಾಪಿ ಹೊಡೆದು ಯಾರಿಗೆ ಮೋಸ ಮಾಡಿದ್ದು ಮಾರಾಯ?”

ಅವನು ಬ್ಯಾಂಡೇಜು ನೋಡುತ್ತ ಕೂತ. “ಅಕ್ಕ, ನಂಗೆ ಹೊಟ್ಟೆಹುಣ್ಣು ಆದಾಗ ಹೆಂಡ್ತಿಯೂ ಖಾರ ಬಿಟ್ಲು. ನಂದು ಗುಣ ಆಯ್ತು, ಅವಳು ಮತ್ತೆ ಮುಟ್ಲೇ ಇಲ್ಲ. ಇನ್ನು ಅವಳಿಗೆ ಆಸೆ ಇರುದು ಸಿಹಿ ಒಂದೇ. ಅದನ್ನೂ ನಾನು ಬಿಡಿಸುದಾ?”

ಇನ್ನೂ ಬೈಯಬೇಕಿದ್ದವಳು ಅವನ ಚಪ್ಪಲಿ ಎತ್ತಿ ಮುಂದಿಟ್ಟೆ. ಟೀಚರಿಗೆ ಹಾಗಾಗಬಾರದು.

ಮುಂದಿನ ಸಲ ಅವನ ಹೆಂಡತಿಯೂ ಬಂದಳು. ಹಾಗಲಕಾಯಿಯ ನೆರವಿಲ್ಲದೆ ತಮ್ಮ ಮೊದಲ ಬಾರಿ ಪರೀಕ್ಷೆಗೆ ಕೂತ. ಅವಳದ್ದೂ ನೋಡಿದರು, ಏನೂ ತೊಂದರೆ ಇರಲಿಲ್ಲ. ಹೋಟೆಲಿನಲ್ಲಿ ಅವನು ಸಕ್ಕರೆ ಹಾಕದ ಚಹಾ ಹಿಡಿದು, ಅವಳಿಗೊಂದು ಬನ್ಸ್ ಹೇಳಿದ. ಅವಳು ತಟ್ಟೆಯನ್ನು ಬದಿಗೆ ಸರಿಸಿದಳು.

“ಒಬ್ಬಳೇ ತಿನ್ನುದು ಹೇಗೆ? ನಂಗೆ ಬೇಡ.”

ತಮ್ಮ ನನ್ನ ಮುಖ ನೋಡಿದ. ಗಡಿಯಾರದಲ್ಲಿ ಹತ್ತೂಕಾಲು. ನನ್ನ ಊಟಕ್ಕೆ ಇನ್ನೂ ಎರಡೂಮುಕ್ಕಾಲು ಗಂಟೆ ಇತ್ತು.

ನಾನು ಬನ್ಸ್ ಮುರಿದು ಅರ್ಧ ಬಾಯಿಗಿಟ್ಟೆ. ಉಳಿದರ್ಧ ಅವಳು ತೆಗೆದುಕೊಂಡಳು.