ಜಾಹೀರಾತು ನೋಡುವ ಕಾಯಕ

ಜಾಹೀರಾತು ಬಂದೊಡನೆ ನೀರು ಕುಡಿಯಲು ಎದ್ದು ಹೋಗದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನಮ್ಮ ಕಾಕಾ! ಬೇಕಾದರೆ ನಮ್ಮೂರು ತುರೋರಿಗೆ ಬಂದು ಕೇಳಿ. ಅರ್ಧ ಊರನ್ನು ಅವರು ಕೈಹಿಡಿದು ಎಳೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ.

ನಮ್ಮ ಭಾಗದಲ್ಲಿ ದೊಡ್ಡ ಭೂಕಂಪವಾಗಿ ಆರೇಳು ವರ್ಷವಾಗಿತ್ತು. ಯಾವುದೋ ಕಂಪನಿ ಮನೆಮನೆಗೆ ಪುಕ್ಕಟೆ ಕಂಪ್ಯೂಟರ್ ಕೊಡುತ್ತಿದೆ ಎಂಬ ಸುದ್ದಿ ಕೇಳಿ ನಾನು ಹಿಗ್ಗಿದೆ. ಅಪ್ಪ ಅವ್ವ ಹೋದ ಮೇಲೆ ಕಾಕಾ-ಕಾಕೂ ಮನೆಯಲ್ಲೇ ಬೆಳೆದವಳು ನಾನು. ಉದಗೀರದ ಕಾಲೇಜೊಂದರಲ್ಲಿ ಕಾರಕೂನ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕಂಪ್ಯೂಟರಿನ ಮೇಲೆ ಟೈಪಿಂಗ್ ಪರೀಕ್ಷೆಯಿತ್ತು. ಊರಲ್ಲಿ ಬೆರಳಾಡಿಸಲು ಬೇರೆ ಕಂಪ್ಯೂಟರ್ ಇರಲಿಲ್ಲ.

ಸೋಲಾಪುರದಿಂದ ಬಂದ ಏಜೆಂಟ್ ಟೆಂಪೊದಿಂದ ಪೆಟ್ಟಿಗೆ ಇಳಿಸುತ್ತಿದ್ದಂತೆ ಕಾಕಾ ಅಡ್ಡ ನಿಂತರು.

"ಫುಕಟಿಂದು ನಮ್ಮ ಮನಿಗಿ ಬ್ಯಾಡ ತಮ್ಮಾ. ದುಡೀಲಾರದ್ದು ನಮಗ ದಕ್ಕಂಗಿಲ್ಲ."

"ಫುಕಟ ಅಲ್ರೀ ಕಾಕಾ. ದಿನಾ ಎರಡು ತಾಸು ಜಾಹಿರಾತಿ ನೋಡ್ಬೇಕು."

ಕಾಕಾ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಅಂದ್ರ ನೋಡೂದೇ ಕಾಯಕ. ಹಂಗಾದ್ರ ಇಳಸು."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ! ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕಾಕಾ ಕಂಪ್ಯೂಟರಿನ ಮುಂದೆ ಹಾಜರು. ನೋಡುವವರು ನಿಜಕ್ಕೂ ಕೂತಿದ್ದಾರೋ ಇಲ್ಲವೋ ಎಂದು ತಿಳಿಯಲು ಆಗಾಗ ಪರದೆಯ ಮೇಲೊಂದು ಪ್ರಶ್ನೆ ಬರುತ್ತಿತ್ತು. ಉಳಿದವರು ಸುಮ್ಮನೆ ಗುಂಡಿ ಒತ್ತುತ್ತಾರೆ. ಕಾಕಾ "ಇದೀನ್ರೀ" ಎಂದು ಗಟ್ಟಿಯಾಗಿ ಹೇಳಿ ಆಮೇಲೆ ಒತ್ತುವರು. ಕರೆಂಟ್ ಹೋದರೂ ಏಳುತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಏನು ನೋಡುತ್ತೀರಿ ಎಂದು ಕೇಳಿದರೆ, "ಲೈಟ್ ಹೋಗಿದ್ದು ಕಂಪನೀದ ತಪ್ಪೇನು? ನನ್ನ ತಾಸು ನಾ ತುಂಬಿಸ್ಬೇಕು" ಎನ್ನುವರು. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿಂದ ಎರಡು ತಾಸು! ಹೀಗಾದರೆ ನನ್ನ ಸರದಿ ಬರುವುದು ಯಾವಾಗ?

ಒಮ್ಮೆ ನಿಲಂಗಾದಿಂದ ಬೀಗರು ಬಂದರು. ಕಾಕೂ ಚಹಾ ಸೋಸಿ ತಂದರೆ ಕಾಕಾ ಕೈ ಅಡ್ಡ ಹಿಡಿದು, "ಮೊದಲ ಕಾಯಕ, ಆಮ್ಯಾಲ ಚಹಾ" ಎಂದು ಬೀಗರನ್ನೂ ಜಮಖಾನದ ಮೇಲೆ ಕೂರಿಸಿದರು. ಪರದೆಯ ಮೇಲೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಜಾಹೀರಾತು. ಕಾಕಾ ಒಮ್ಮೆ ಅದನ್ನು ನೋಡಿದರು, ಒಮ್ಮೆ ಬೀಗರ ತಲೆಯನ್ನು ನೋಡಿದರು. "ಬೀಗ್ರ, ನೀವು ಹಚ್ಚೂದೂ ಇದೇ ಏನ್ರಿ?"

ಬೀಗರು ಬಾಯಿ ಬಿಡುವ ಮೊದಲೇ ಜೊತೆಗಿದ್ದ ಬೀಗತಿ ನಕ್ಕುಬಿಟ್ಟರು. ಬೀಗರು ಚಹಾ ಕುಡಿಯದೆ ಬಸ್ಸು ಹತ್ತಿದರು.

ನನ್ನ ಪಾಡಂತೂ ಕೇಳಲೇಬೇಡಿ. ನಾನು ಟೈಪ್ ಮಾಡುವಾಗಲೂ ಪರದೆಯ ಕೆಳಗೆ ಒಂದು ಪಟ್ಟಿಯಲ್ಲಿ ಜಾಹೀರಾತು ಓಡುತ್ತಿತ್ತು. ತಲೆಕೆಟ್ಟು ಅದರ ಮೇಲೊಂದು ಕಾಗದ ಅಂಟಿಸಿದೆ. ಕಾಕಾ ಓಡಿಬಂದು ಆ ಕಾಗದ ಕಿತ್ತರು. "ತಂಗೀ, ಒಪ್ಕೊಂಡ ಕೆಲಸಕ್ಕ ಕಣ್ಣು ಮುಚ್ತಿಯೇನು? ನಿನಗ ಪುರಸೊತ್ತಿಲ್ಲಂದ್ರ ನಾ ನೋಡ್ತೀನಿ ಬಿಡು." ಅಂದಿನಿಂದ ನನ್ನ ಮಗ್ಗುಲಲ್ಲೇ ಕೂತು, ಪಟ್ಟಿಯಲ್ಲಿ ಬಂದದ್ದನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಓದತೊಡಗಿದರು. ಅಭ್ಯಾಸಕ್ಕೆಂದು ಟೈಪ್ ಮಾಡಿದ ರಜೆ ಅರ್ಜಿ ಓದಿ ನೋಡಿದರೆ, ಪ್ರಾಚಾರ್ಯರ ಬಳಿ ನಾನು ಜ್ವರದ ಕಾರಣ ಎರಡು ದಿನ ಹಲ್ಲುಪುಡಿ ಕೇಳಿದ್ದೆ. ಆ ದಿನ ಕಾಕಾನ ಜೊತೆ ಮಾತು ಬಿಟ್ಟೆ. ಈ ಮನುಷ್ಯನಿಂದಲೇ ಆ ಕೆಲಸ ನನ್ನ ಕೈತಪ್ಪುತ್ತದೆ ಎಂದು ಕಾಕೂ ಮುಂದೆ ಅತ್ತೆ.

ಪರೀಕ್ಷೆಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಏಜೆಂಟ್ ಖಾಲಿ ಟೆಂಪೊ ತಂದ.

"ಕಂಪನಿ ಬಂದ್ ಆತ್ರೀ ಕಾಕಾ. ಮಷೀನ ವಾಪಸ್ ಒಯ್ಯಾಕ ಹೇಳ್ಯಾರ. ಜಾಹಿರಾತಿ ಯಾರೂ ನೋಡಲೇ ಇಲ್ಲ. ಎಲ್ಲಾರೂ ಅದರ ಮ್ಯಾಲ ಟಾವೆಲ್ ಹೊಚ್ಚಿ ತಮ್ಮ ಆಟಾ ತಾವು ಆಡ್ಯಾರ. ಖರೇ ನೋಡಿದವರು ನೀವೊಬ್ಬರೇ."

ಅವನು ವೈರು ಕಿತ್ತು ಸುತ್ತತೊಡಗಿದ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕಾಕಾ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ತಲೆಯ ಟೋಪಿ ತೆಗೆದು ಎರಡೂ ಕೈ ಜೋಡಿಸಿದರು. ಇಷ್ಟು ದಿನ ತಮ್ಮಾ ಎಂದು ಕರೆದ ಹುಡುಗನನ್ನು ಅಂದು ಸಾಹೇಬ ಎಂದರು.

"ಸಾಹೇಬ್ರ, ಈಕಿ ಪರೀಕ್ಷಾ ಆಗೂತನಕ ಬಿಟ್ಟು ಹೋಗ್ರಿ. ನೋಡಾಕ ಜಾಹಿರಾತಿ ಇಲ್ಲಂದ್ರ ಫುಕಟನ ಇರ್ಲಿ. ನಿಮಗ ಕೈ ಮುಗೀತೀನಿ."

ಹುಡುಗ ಸುತ್ತಿದ ವೈರು ಬಿಚ್ಚಿ ಕೆಳಗಿಟ್ಟು, ತಲೆ ತಗ್ಗಿಸಿಕೊಂಡು ಹೊರಟುಹೋದ.

ಆ ಹದಿನೈದು ದಿನ ಕಾಕಾ ಆ ಕೋಣೆಗೆ ಬರಲಿಲ್ಲ. ಪಟ್ಟಿ ಓದುವವರಿಲ್ಲದೆ ನನ್ನ ಬೆರಳುಗಳು ಸರಿಯಾಗಿಯೇ ಓಡಿದವು, ಉದಗೀರದ ಕೆಲಸವೂ ಸಿಕ್ಕಿತು. ಆದರೆ ಅಷ್ಟೂ ದಿನ ಊಟಕ್ಕೆ ಕೂತಾಗ ಕಾಕಾ ನನ್ನ ಮುಖ ನೋಡುತ್ತಿರಲಿಲ್ಲ. ಪುಕ್ಕಟೆಯದನ್ನು ಮನೆಯಲ್ಲಿಟ್ಟುಕೊಂಡು ಏನೋ ತಪ್ಪು ಮಾಡಿದವರ ಹಾಗೆ ಕೂತಿರುತ್ತಿದ್ದರು. ಅವರ ಕಾಲು ಹಿಡಿದು ಏನಾದರೂ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳುವ ಬದಲು ರೊಟ್ಟಿ ಬಡಿಸುವಾಗ ಅವರ ತಟ್ಟೆಗೆ ಒಂದು ಹೆಚ್ಚು ಹಾಕುತ್ತಿದ್ದೆ, ಬೇಡವೆನ್ನದೆ ತಿನ್ನುತ್ತಿದ್ದರು.