ಮೂಗಣ್ಣನ ಮೂಗು ತೆರೆದ ದಿನ

ಮೂಗು ಕಟ್ಟಿದರೆ ಬೇರೆಯವರಿಗೆ ಉಸಿರಾಟದ ತೊಂದರೆ, ಮೂಗಣ್ಣನಿಗೆ ನೌಕರಿಯ ತೊಂದರೆ. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುವವನು. ವರ್ಷವಿಡೀ ನೆಗಡಿ. ಅವನ ಬಾಯಲ್ಲಿ ‘ಮ’ ಎಲ್ಲ ‘ಬ’ ಆಗಿ, ‘ನ’ ಎಲ್ಲ ‘ದ’ ಆಗಿ, ‘ಮಾನ್ಯ ಪ್ರಯಾಣಿಕರ ಗಮನಕ್ಕೆ’ ಎನ್ನುವುದು ‘ಬಾದ್ಯ ಪ್ರಯಾಡಿಕರ ಗಬದಕ್ಕೆ’ ಎಂದು ಹೊರಬೀಳುತ್ತಿತ್ತು. ಮೇಲಿನವರು ಯಾರೋ ಅದನ್ನು ಕೇಳಿ ಹುಬ್ಬುಗಂಟಿಕ್ಕಿದ್ದರಂತೆ. ಹಿಂದಿನ ಸಂಜೆ ಮ್ಯಾನೇಜರು ಕರೆದು, “ನಾಳೆ ಮೂಗು ಸರಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ಮೈಕ್ ಬಿಟ್ಟು ವಿಚಾರಣೆ ಕಿಟಕೀಲಿ ಕೂತ್ಕೋ” ಎಂದುಬಿಟ್ಟರು. ವಿಚಾರಣೆ ಕಿಟಕಿ ಎಂದರೆ ಬೆಳಗಿನಿಂದ ಸಂಜೆವರೆಗೆ ಊರವರೆಲ್ಲರ ಕೈಲಿ ಬೈಸಿಕೊಳ್ಳುವ ಜಾಗ.

ಅದೃಷ್ಟಕ್ಕೆ ಅಡುಗೆಮನೆಯ ಕಪಾಟಿನಲ್ಲಿ ಒಂದು ಜಾಡಿಯಿತ್ತು. ವಿನೆಗರಿನಲ್ಲಿ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ಅರಿಶಿನ, ಕಾಳುಮೆಣಸು, ಪುದೀನ ಎಲ್ಲ ಹಾಕಿ ವಾರಗಟ್ಟಲೆ ನೆನೆಸಿಟ್ಟ ಟಾನಿಕ್ಕು. ಬೆಳಿಗ್ಗೆ ಹೆಂಡತಿ ಹಾಲು ತರಲು ಹೋದ ಹೊತ್ತಿಗೆ ಮೂಗಣ್ಣ ಅದನ್ನು ಬಟ್ಟೆಯಲ್ಲಿ ಸೋಸಲು ಕೂತ. ಅವನಿಗೆ ವಾಸನೆ ಬಾರದಿದ್ದರೇನು, ಮೆಟ್ಟಿಲಿಳಿದು ಅದು ಅಕ್ಕಪಕ್ಕದವರನ್ನೆಲ್ಲ ಕರೆತಂದಿತು.

“ಏನ್ರೀ ಇದು, ಗೋಡೆಗೆ ಹೊಡೆಯೋ ಬಣ್ಣಾನಾ?” ಎಂದರು ಎದುರುಮನೆ ಟೀಚರಮ್ಮ.

“ಟಾದಿಕ್ಕು. ಬೂಗಿಗೆ.”

ಕೆಳಮನೆಯ ನಿವೃತ್ತ ಕಾಂಪೌಂಡರು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು, “ಖಾರ ಸಾಲದು” ಎಂದು ತೀರ್ಪು ಕೊಟ್ಟು, ಒಂದು ಹಿಡಿ ಹಸಿಮೆಣಸಿನಕಾಯಿ ಜಜ್ಜಿ ಹಾಕಿಯೇಬಿಟ್ಟರು.

“ಜೇನು ಬೆರೆಸಿ ಒಂದೇ ಒಂದು ಚಮಚ ಕುಡೀರಿ.”

“ಚಮಚ ಮಕ್ಕಳಿಗೆ ಟೀಚರಮ್ಮಾ! ಇವನ ಮೂಗಿಗೆ ಲೋಟಾನೇ ಬೇಕು.”

“ನೀರಾದ್ರೂ ಹಾಕ್ಬೇಕು.”

“ನೀರು ಹಾಕಿದ್ರೆ ಸತ್ವ ಎಲ್ಲಿರುತ್ತೆ?”

ಇಬ್ಬರ ವಾದ ಕಾವೇರಿತು. ಯಾರ ಮಾತು ಕೇಳುವುದೋ ತಿಳಿಯದೆ ಮೂಗಣ್ಣ ಮ್ಯಾನೇಜರ ಮುಖ ನೆನೆದು, ಕಣ್ಣುಮುಚ್ಚಿ ಲೋಟ ಎತ್ತಿಬಿಟ್ಟ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಂಟಲೊಳಗೆ ಯಾರೋ ಸ್ಟವ್ ಹಚ್ಚಿದ ಹಾಗಾಯಿತು. ದಡದಡ ಮೆಟ್ಟಿಲಿಳಿದು ಅಂಗಳದ ನಲ್ಲಿಯ ಕೆಳಗೆ ತಲೆಯಿಟ್ಟ. ಕುಕ್ಕರು ಸೀಟಿ ಹೊಡೆದಂತೆ ಸೊಂಯ್ ಎಂದು ಮೂಗು ತೆರೆದುಕೊಂಡಿತು! ಸೋಪಿನ ವಾಸನೆ, ಚರಂಡಿಯ ವಾಸನೆ, ತನ್ನದೇ ಅಂಗಿಯ ವಾಸನೆ, ಎಲ್ಲ ಒಟ್ಟಿಗೆ ನುಗ್ಗಿದವು. ಖುಷಿಯಿಂದ ಮೇಲೆ ಓಡಿ ಬಂದರೆ ಬಾಗಿಲು ಹಾಕಿತ್ತು. ಹೆಂಡತಿ ಬಂದು ಎಲ್ಲರನ್ನೂ ಸಾಗಹಾಕಿದ್ದಳು.

“ಬಾಗಿಲು ತೆಗಿ, ನಾನು ಕಣೇ!”

“ಯಾರ್ರೀ ನೀವು? ನಮ್ಮನೆಯವರು ಮನೇಲಿಲ್ಲ.”

“ನಾನೇ ನಿಮ್ಮನೆಯವರು!”

“ಥೂ, ನಾಚಿಕೆ ಆಗಲ್ವಾ? ಕಾಂಪೌಂಡರಣ್ಣಾ, ಬೇಗ ಬನ್ನಿ! ಯಾರೋ ಬಂದು ಏನೇನೋ ಅಂತಿದಾನೆ!”

ಕಾಂಪೌಂಡರು ದೊಣ್ಣೆ ಹಿಡಿದು ಬಂದು, ಮುಖ ನೋಡಿ ಸಾಕ್ಷಿ ಹೇಳಿದ ಮೇಲೆಯೇ ಬಾಗಿಲು ತೆರೆದದ್ದು. ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟು ವರ್ಷ ಬೇರೆ ಯಾರ ಜೊತೆಗೋ ಸಂಸಾರ ಮಾಡಿದ ಹಾಗಿದೆ ಕಣ್ರೀ” ಎಂದಳು. ಹೊಗಳಿದಳೋ ತೆಗಳಿದಳೋ ಮೂಗಣ್ಣನಿಗೆ ಅರ್ಥವಾಗಲಿಲ್ಲ.

ನಿಲ್ದಾಣದಲ್ಲಿ ಮೈಕು ಹಿಡಿದು ಒಂದೊಂದು ‘ಮ’ವನ್ನೂ ‘ನ’ವನ್ನೂ ಸವಿಯುತ್ತಾ ಹೇಳಿದ: “ಮಾನ್ಯ ಪ್ರಯಾಣಿಕರ ಗಮನಕ್ಕೆ! ಹನ್ನೊಂದನೇ ನಂಬರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲಿದೆ!”

ಯಾರೂ ಅಲ್ಲಾಡಲಿಲ್ಲ. ಅಜ್ಜಿಯೊಬ್ಬಳು ಸಮಾಧಾನವಾಗಿ ಕಡಲೆಕಾಯಿ ಸುಲಿಯುತ್ತಿದ್ದಳು. ಇನ್ನೊಮ್ಮೆ ಹೇಳಿದ. ಬಸ್ಸು ಡ್ರೈವರನನ್ನೂ ಕಂಡಕ್ಟರನನ್ನೂ ಮಾತ್ರ ಹೊತ್ತುಕೊಂಡು ಹೊರಟುಹೋಯಿತು. ಅದರ ನಂತರದ್ದೂ ಹಾಗೆಯೇ ಹೋಯಿತು. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಕೋಣೆಯ ಮುಂದೆ ಸಂತೆ ನೆರೆಯಿತು.

“ಬಸ್ಸು ಹೋಗೇಬಿಡ್ತು! ಹೇಳೋರಿಲ್ಲ ಕೇಳೋರಿಲ್ಲ!”

“ಹೇಳಿದ್ನಲ್ಲಾ ಸ್ವಾಮಿ!” ಎಂದ ಮೂಗಣ್ಣ, ಓಡಿ ಬಂದು.

“ಅದ್ಯಾವುದೋ ಜಾಹೀರಾತು ಅಂದ್ಕೊಂಡ್ವಿ. ಮೂಗಣ್ಣ ಹೇಳ್ಲಿ ಅಂತ ಕಾಯ್ತಿದ್ವಿ.”

“ನಾನೇ ಮೂಗಣ್ಣ!”

“ಹೋಗ್ರೀ, ಮೂಗಣ್ಣನ ದನಿ ನಮಗೆ ಗೊತ್ತಿಲ್ವಾ?”

ಮೂಗಣ್ಣ ಗಲಿಬಿಲಿಯಲ್ಲಿ ಮೂಗು ಹಿಡಿದುಕೊಂಡು ಹೇಳಿ ನೋಡಿದ. ಬಾತುಕೋಳಿಯ ದನಿ ಬಂತು. “ನೋಡ್ರೀ, ಪಾಪದವನನ್ನ ಅಣಕಿಸ್ತಾನೆ!” ಎಂದು ಜನ ಅವನ ಮೇಲೆಯೇ ತಿರುಗಿಬಿದ್ದರು. ತಾನು ತಾನೇ ಹೌದೋ ಅಲ್ಲವೋ ಎಂದು ಅವನಿಗೂ ಅನುಮಾನ ಶುರುವಾಯಿತು.

ಗುಂಪಿನ ಹಿಂದೆ ಕ್ಯಾಂಟೀನಿನವನು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದ. ಮ್ಯಾನೇಜರ ಕಣ್ಣು ಅವನ ಮೇಲೆ ಬಿತ್ತು. “ಲೋ, ಬಾ ಇಲ್ಲಿ. ಚಹಾ ಕೊಡುವಾಗೆಲ್ಲ ಇವನ ಥರ ಮಾತಾಡಿ ನಗಿಸ್ತೀಯಲ್ಲ, ಅದನ್ನೇ ಮೈಕಲ್ಲಿ ಹೇಳು!”

“ಬಾದ್ಯ ಪ್ರಯಾಡಿಕರ ಗಬದಕ್ಕೆ!”

ನಿಲ್ದಾಣಕ್ಕೆ ನಿಲ್ದಾಣವೇ ಎದ್ದು ನಿಂತಿತು. ಅಜ್ಜಿ ಕಡಲೆಕಾಯಿ ಸೆರಗಿಗೆ ಕಟ್ಟಿಕೊಂಡು ಓಡಿದಳು.

“ನಿನ್ನ ದನಿ ಗಂಟೆ ಬಾರಿಸಿದ ಹಾಗಿದೆ ಕಣಯ್ಯಾ,” ಮ್ಯಾನೇಜರು ಮೂಗಣ್ಣನ ಬೆನ್ನು ತಟ್ಟಿದರು. “ಆದ್ರೆ ಜನ ನಂಬಲ್ಲ. ನಾನೇನ್ ಮಾಡ್ಲಿ?”

ಮಧ್ಯಾಹ್ನ ಮೂಗಣ್ಣ ವಿಚಾರಣೆ ಕಿಟಕಿಯಲ್ಲಿ ಕೂತಿದ್ದ. ಚೀಲ ಹಿಡಿದ ಒಬ್ಬರು ಬಂದು, “ಹನ್ನೆರಡನೇ ನಂಬರು ಎಲ್ಲಿ ನಿಲ್ಲುತ್ತೆ?” ಎಂದರು.

“ನಾಲ್ಕನೇ ಪ್ಲಾಟ್‌ಫಾರಂ, ಸ್ವಾಮಿ.”

ಅವರು ಅವನನ್ನು ಅನುಮಾನದಿಂದ ನೋಡಿ ಬೆರಳೆತ್ತಿದರು. “ಸ್ವಲ್ಪ ಸುಮ್ನಿರಿ. ಮೂಗಣ್ಣ ಏನಂತಾರೋ ಕೇಳೋಣ.”

ಮೇಲಿನ ಸ್ಪೀಕರು ಗೊರಗೊರ ಎಂದಿತು: “ಹದ್ದೆರಡದೇ ದಂಬರಿದ ಬಸ್ಸು, ದಾಲ್ಕದೇ ಪ್ಲಾಟ್‌ಫಾರಬ್...”

“ಹಾಂ, ಹಾಗನ್ನಿ!” ಎಂದು ಅವರು ಓಡಿದರು.