ಎಕ್ಕದ ಗಿಡಕ್ಕೆ ಕಂಕಣಬಲ

ಹೊಟ್ಟೆಯುರಿದು ಶಾಪ ಹಾಕಬೇಕಾದರೆ ನಮ್ಮ ಕಡೆ ‘ನಿನ್ ಮನೆ ಎಕ್ಕುಟ್ಟೋಗ’ ಅನ್ನುತ್ತಾರೆ. ಮನೆ ಹಾಳುಬಿದ್ದು ಅಂಗಳದಲ್ಲಿ ಎಕ್ಕ ಹುಟ್ಟಲಿ ಎಂದು ಅರ್ಥ. ಅಮೃತಹಳ್ಳಿಯ ಯೋಗಾನಂದ ಮಹಾಶಯ ಅದೇ ಎಕ್ಕವನ್ನು ಬಿಸಿಲು ಬೀಳುವ ಅಂಗಳದಲ್ಲಿ ಕೈಯಾರೆ ನೆಟ್ಟು ಸಾಕಿದ್ದ. ಯಾಕೆ? ಚಿಟ್ಟೆ ಬರಲಿ ಅಂತ! ಕೊನೆಗೂ ಆ ಭಾನುವಾರ ಎಲೆಗಳಡಿ ಹಸಿರು ಗೂಡುಗಳು ನೇತಾಡುತ್ತಿದ್ದವು. ಇವತ್ತೋ ನಾಳೆಯೋ ಚಿಟ್ಟೆ ಹೊರಬರಬೇಕು. ಅವನಿಗೆ ಕಾಫಿಯೂ ಸೇರದಷ್ಟು ಕಾತರ.

ಅಷ್ಟರಲ್ಲಿ ಎದುರುಮನೆಯ ವೆಂಕಟರಾಮಯ್ಯ ಗೇಟು ತೆಗೆದರು. ಜೊತೆಗೆ ಪುರೋಹಿತ ಕೃಷ್ಣಯ್ಯ, ಹಿಂದೆ ಬಾಸಿಂಗ ಕಟ್ಟಿಕೊಂಡ ಮಗ ಅಶ್ವತ್ಥ್.

“ಯೋಗಣ್ಣ, ನಿಮ್ಮೆಕ್ಕ ಬೇಕಾಗಿತ್ತು.”

“ಎಲೆ ಬೇಕಾ?”

“ಎಲೆ ಅಲ್ಲ ಕಣಪ್ಪ, ಎಣ್ಣು ಕೇಳಕ್ ಬಂದಿದೀವಿ.”

ಅಶ್ವತ್ಥನಿಗೆ ಎರಡು ಮದುವೆಯಾಗಿ ಎರಡೂ ಡೈವೋರ್ಸ್ ಆಗಿದ್ದವು. ಈಗ ಸೊಣ್ಣಮ್ಮನ ಮಗಳು ನಯನಾ ಜೊತೆ ಮದುವೆ ಗೊತ್ತಾಗಿತ್ತು. ಮೂರನೆಯದು ಆಗಿಬರುವುದಿಲ್ಲವೆಂಬ ನಂಬಿಕೆ; ಹಾಗಾಗಿ ಮೂರನೇ ತಾಳಿ ಎಕ್ಕಕ್ಕೆ ಕಟ್ಟಿ, ಹುಡುಗಿಯನ್ನು ನಾಲ್ಕನೆಯವಳಾಗಿ ತಂದುಕೊಳ್ಳಬೇಕು.

“ಬೇರೆ ಕಡೆ ಸಿಗಲ್ವಾ?”

“ಎಲ್ಲೈತೆ? ಖಾಲಿ ಸೈಟೆಲ್ಲಾ ನಾವೇ ಮಾರ್ಕೊಂಡ್ಬಿಟ್ವಲ್ಲ!”

ದಾಕ್ಷಿಣ್ಯಕ್ಕೆ ಬಸುರಾದಂತೆ ಯೋಗಾನಂದ ತಲೆಯಾಡಿಸಿದ. ಪಕ್ಕದ ಮನೆ ಅಕ್ಕಯ್ಯಮ್ಮ ಓಡಿಬಂದು ಗಿಡಕ್ಕೆ ಸೀರೆ ಸುತ್ತಿದರು.

“ಅಮ್ಮಾ, ಮೆಲ್ಲಗೆ! ಗೂಡು ಬಿದ್ದೋಗುತ್ತೆ!”

“ಮದ್ಮಗಳು ತಲೆ ಬಗ್ಗಿಸ್ಬೇಕಪ್ಪ,” ಎಂದು ಅವರು ಕೊಂಬೆ ಬಗ್ಗಿಸಿದರು. ಯೋಗಾನಂದನೂ ಹೆಂಡತಿ ಪದ್ಮಶ್ರೀಯೂ ವರನ ಕಾಲು ತೊಳೆದು ಗಿಡವನ್ನು ಧಾರೆ ಎರೆದರು. ಪದ್ಮಶ್ರೀಯಂತೂ ಗಳಗಳ ಅತ್ತೇಬಿಟ್ಟಳು.

ತಾಳಿ ಬಿದ್ದದ್ದೇ ವೆಂಕಟರಾಮಯ್ಯ ಮಚ್ಚು ತೆಗೆದರು. “ಕಡಿದ್ಬಿಟ್ರೆ ಮೂರನೇದು ಮುಗೀತು.”

ಯೋಗಾನಂದ ಗಿಡವನ್ನು ತಬ್ಬಿಕೊಂಡ. “ಅರಿಶಿನ ಆರಿಲ್ಲ, ಆಗ್ಲೇ ಕೊಲ್ತೀರಾ? ನನ್ ಮಗಳ ಮೇಲೆ ಕೈ ಮಾಡಿದ್ರೆ ಸ್ಟೇಷನ್ನಿಗೆ ಹೋಗ್ತೀನಿ!”

“ಸೊಸೇನ ಕಡಿಯೋದಾ? ನಿಮ್ ಕೈ ಸೇದೋಗ!” ಎಂದು ಬೀದಿಯ ಹೆಂಗಸರೆಲ್ಲ ತಿರುಗಿಬಿದ್ದರು. ವೆಂಕಟರಾಮಯ್ಯ ಮಚ್ಚು ಬಿಸಾಕಿ ಹೋದರು. ಯೋಗಾನಂದ ಗೆದ್ದಿದ್ದ.

ಮಧ್ಯಾಹ್ನ ಸೊಣ್ಣಮ್ಮ ಬಂದು, ತಾಳಿ ಹಾಕಿಕೊಂಡು ನಳನಳಿಸುತ್ತಿದ್ದ ಗಿಡವನ್ನು ನೋಡಿದರು. “ಸವತಿ ಗಟ್ಟಿಮುಟ್ಟಾಗವ್ಳೆ. ಇಂಥಾ ಮನೆಗೆ ನನ್ ಮಗಳ್ನ ಕೊಡಾಕಿಲ್ಲ!” ಎಂದು ಹೊರಟೇಹೋದರು. ಮದುವೆ ಮುರಿಯಿತು.

ನನಗೇನು ಎಂದು ಯೋಗಾನಂದ ಅಂದುಕೊಳ್ಳುವಷ್ಟರಲ್ಲಿ ಅಶ್ವತ್ಥ್ ಸೂಟ್‌ಕೇಸು, ಹಾಸಿಗೆ ಸಮೇತ ಬಂದು ನಿಂತ.

“ಅಪ್ಪ ಆಚೆ ಹಾಕಿದ್ರು ಮಾವ. ಇಬ್ರು ಬಿಟ್ಟೋದ್ರು, ಇವಳೊಬ್ಳೇ ನೋಡಿ ನಿಂತ ಜಾಗ ಬಿಟ್ಟು ಕದಲ್ದೇ ಇರೋಳು.”

“ಲೇ, ಅದು ಗಿಡ ಕಣೋ! ಒಂದ್ ರಾತ್ರಿ ಇದ್ದು ಬೆಳಿಗ್ಗೆ ಹೊರಡು!” ಯೋಗಾನಂದನಿಗೆ ಅಳುವೇ ಬಂತು.

ಆ ಕ್ಷಣಕ್ಕೇ ಗೂಡೊಂದು ಬಿರಿಯಿತು. ಒದ್ದೆ ರೆಕ್ಕೆಯ ಕಿತ್ತಳೆ ಬಣ್ಣದ ಚಿಟ್ಟೆ ಮೆಲ್ಲಗೆ ಹೊರಬಂತು. ಅಶ್ವತ್ಥ್ ಕಣ್ಣರಳಿಸಿದ. ಹಾಸಿಗೆಯನ್ನು ಜಗಲಿಯ ಮೇಲೆ ಬಿಚ್ಚಿ ಹಾಸುತ್ತಾ ಹೇಳಿದ:

“ತಾತ ಆಗ್ಬಿಟ್ರಲ್ಲ ಮಾವ! ಬಾಣಂತನ ತವರಲ್ಲೇ ತಾನೇ ಆಗ್ಬೇಕು? ಇನ್ನೂ ಎಷ್ಟೊಂದ್ ಗೂಡಿದೆ ನೋಡಿ.”